ಒಳಗಿದ್ದ ಕೈ

ಪೂಜ್ಯ ಶೆನ್ ಮುಯುನ್ ಗುರುಗಳು ತಮ್ಮ ಬಾಳಿನ ಕೊನೆಯ ಭಾಗವನ್ನು ಪಶ್ಚಿಮ ಚೀನಾದ ಒಂದು ಬೆಟ್ಟದ ಮೇಲೆ, ಹೆಸರು ಮರೆತುಹೋದ ಯಾವುದೋ ದೇವರ ಗುಡಿಯಲ್ಲಿ ಕಳೆದರು. ಗುಡಿಯ ಹೆಂಚು ಅರ್ಧಕ್ಕರ್ಧ ಹಾರಿಹೋಗಿತ್ತು. ಒಳಗಿದ್ದ ಮಣ್ಣಿನ ಮೂರ್ತಿಯ ಮುಖ ಮಳೆನೀರಿಗೆ ಕರಗಿ ಕಣ್ಣು, ಮೂಗು ಯಾವುದೂ ಉಳಿದಿರಲಿಲ್ಲ. ಗುಡಿಯ ಮುಂದೆಯೇ ಚಹಾ ಹೊರುವವರ ಕಲ್ಲುದಾರಿ. ಇಟ್ಟಿಗೆಯಂತೆ ಗಟ್ಟಿಯಾಗಿ ಒತ್ತಿದ ಚಹಾವನ್ನು ಬೆನ್ನಿನ ಮೇಲೆ ಆಳೆತ್ತರ ಪೇರಿಸಿಕೊಂಡು ಕೂಲಿಗಳು ಟಿಬೆಟ್ಟಿನ ಕಡೆಗೆ ಹೋಗುತ್ತಿದ್ದರು. ಆ ದಾರಿಯಲ್ಲಿ ಹುಲ್ಲಿನ ಚಪ್ಪಲಿ ಬಹಳ ಬಾಳುತ್ತಿರಲಿಲ್ಲ. ಗುರುಗಳು ಹುಲ್ಲು ಹೊಸೆದು ಚಪ್ಪಲಿ ಹೆಣೆದು ಹಾದಿಬದಿಯ ಮರದ ಕೊಂಬೆಗಳಿಗೆ ತೂಗುಹಾಕುತ್ತಿದ್ದರು. ಬೇಕಾದವರು ತೆಗೆದುಕೊಂಡು ಹೋಗುತ್ತಿದ್ದರು. ಅವರು ಕೇಳುತ್ತಲೂ ಇರಲಿಲ್ಲ, ಇವರು ಹೇಳುತ್ತಲೂ ಇರಲಿಲ್ಲ.

ಈ ಮಹಾನುಭಾವರು ಹಿಂದೆ ಯಾರಾಗಿದ್ದರೆಂಬುದು ಆ ಕೂಲಿಗಳಲ್ಲಿ ಹೆಚ್ಚಿನವರಿಗೆ ತಿಳಿಯದು. ಮಲ್ಲವಿದ್ಯೆಗೆ ಎರಡು ಮನೆಗಳಿವೆ ಎಂದು ಚೀನೀಯರು ಹೇಳುತ್ತಾರೆ. ಹೊರಮನೆಯ ವಿದ್ಯೆ ತೋಳು ತೊಡೆಗಳ ಬಲವನ್ನು ನಂಬಿದ್ದು. ಒಳಮನೆಯ ವಿದ್ಯೆ ಉಸಿರನ್ನು ನಂಬಿದ್ದು; ನಮ್ಮ ಯೋಗಿಗಳು ಪ್ರಾಣವೆನ್ನುವುದನ್ನು ಹೊಕ್ಕುಳ ಕೆಳಗೆ ನೆಲೆನಿಲ್ಲಿಸಿ, ಬೇಕಾದಾಗ ಬೇಕಾದ ಕಡೆಗೆ ಕಳಿಸುವ ಸಾಧನೆ ಅದು. ಶೆನ್ ಗುರುಗಳು ಎಳೆಯ ವಯಸ್ಸಿನಲ್ಲೇ ಒಬ್ಬ ತಾವೋ ಪಂಥದ ಸಂನ್ಯಾಸಿಯ ಸೇವೆ ಮಾಡಿ ಆ ವಿದ್ಯೆಯನ್ನು ಪಡೆದವರು. ಯೌವನದಲ್ಲಿ ಪ್ರಾಂತಾಧಿಪತಿಯ ಕಾವಲುಪಡೆಗೆ ಗುರುವಾಗಿ ನೇಮಕಗೊಂಡರು. ದೇಶದ ಮೂಲೆಮೂಲೆಗಳಿಂದ ಮಲ್ಲರು ಬಂದರು, ಸೋತರು, ನಮಸ್ಕರಿಸಿ ಹೋದರು. ಗುರುಗಳನ್ನು ನಿಂತ ಜಾಗದಿಂದ ಕದಲಿಸಿದವರು ಒಬ್ಬರೂ ಇಲ್ಲವೆಂದು ಬೀದಿಯಲ್ಲಿ ಹಾಡು ಕಟ್ಟಿದ್ದರು. ಅಷ್ಟು ಕೀರ್ತಿಯ ನಡುವೆ, ಒಂದು ವಸಂತದಲ್ಲಿ, ಅವರು ಪದವಿಯ ಉಡುಪನ್ನು ಮಡಿಸಿಟ್ಟು ಹೊರಟುಹೋದರು. ಕಾರಣವನ್ನು ಯಾರಿಗೂ ಹೇಳಲಿಲ್ಲ. ಅದು ಹೊರಬಿದ್ದದ್ದು, ಬಿಯಾನ್ ರೂಯಿ ಎಂಬಾತ ಅವರನ್ನು ಕೊಲ್ಲಲೆಂದು ಬೆಟ್ಟ ಹತ್ತಿದ ದಿನ.

ರೂಯಿ ಬೆಟ್ಟದ ಕೆಳಗಿನ ಉಪ್ಪಿನ ಪೇಟೆಯವನು. ಅಲ್ಲಿ ಆಳವಾದ ಬಾವಿಗಳಿಂದ ಉಪ್ಪುನೀರು ಸೇದಿ, ದೊಡ್ಡ ಬಾಣಲೆಗಳಲ್ಲಿ ಕಾಯಿಸಿ ಉಪ್ಪು ತೆಗೆಯುತ್ತಾರೆ. ಅವನ ವಂಶದವರಿಗೆ ಒಂದು ವಿದ್ಯೆ ತಲೆಮಾರುಗಳಿಂದ ಬಂದಿತ್ತು. ಹಾಸುಗಲ್ಲಿನ ಮೇಲೆ ಅಂಗೈಯನ್ನು ಮೆಲ್ಲಗೆ ಇಟ್ಟು, ಎತ್ತದೆಯೇ ಏಟು ಹಾಕುವುದು. ಕಲ್ಲಿನ ಮೇಲ್ಮೈ ಹಾಗೆಯೇ ಇರುತ್ತಿತ್ತು. ತಿರುಗಿಸಿ ನೋಡಿದರೆ ಅಡಿಭಾಗ ಹಿಟ್ಟಾಗಿ ಉದುರುತ್ತಿತ್ತು. ಮನುಷ್ಯನ ಮೇಲೆ ಇಟ್ಟರೆ ಚರ್ಮ ಕೆಂಪೇರುವುದಿಲ್ಲ, ಆದರೆ ಆ ಮನುಷ್ಯ ಮುಂದಿನ ಹುಣ್ಣಿಮೆ ನೋಡುವುದಿಲ್ಲ ಎಂದು ಹೇಳುತ್ತಿದ್ದರು. ರೂಯಿಯ ತಂದೆ ಬಿಯಾನ್ ಹು ಆ ವಿದ್ಯೆಯಲ್ಲಿ ಹಿರಿಯರನ್ನೂ ಮೀರಿಸಿದವನು. ಮೇವು ಕತ್ತರಿಸುವಾಗ ಅವನ ಬಲಗೈಯ ಉಂಗುರಬೆರಳು ಮೊದಲ ಗಿಣ್ಣಿನಲ್ಲಿ ತುಂಡಾಗಿ ಹೋಗಿತ್ತು. ಆ ಮೋಟುಬೆರಳಿನ ಕೈ ಮಗನ ಮೈಗೆ ತಾಗಿದ್ದು ಎರಡೇ ಕಾರಣಕ್ಕೆ: ತಪ್ಪಿದ ನಿಲುವನ್ನು ತಿದ್ದಲು, ಇಲ್ಲವೇ ಕೆನ್ನೆಗೆ ಬಾರಿಸಲು.

ಪ್ರಾಂತಾಧಿಪತಿಯ ಜೊತೆ ಶೆನ್ ಗುರುಗಳು ಒಮ್ಮೆ ಆ ಪೇಟೆಗೆ ಬಂದಿದ್ದಾಗ ಉಪ್ಪಿನ ವರ್ತಕರು ಪಂದ್ಯವೊಂದನ್ನು ಏರ್ಪಡಿಸಿದರು. ಬಿಯಾನ್ ಹು ಒಂದು ಏಟು ಹಾಕಬೇಕು, ಗುರುಗಳು ನಿಂತು ತಾಳಿಕೊಳ್ಳಬೇಕು. ಇಬ್ಬರೂ ಒಪ್ಪಿದರು. ಊರೆಲ್ಲ ಚೌಕದಲ್ಲಿ ನೆರೆದಿತ್ತು. ಏಟು ಬಿತ್ತು. ಗುರುಗಳು ಕದಲಲಿಲ್ಲ. ಮುಗುಳ್ನಕ್ಕು ಕೈಮುಗಿದು, ಕೊಟ್ಟ ಚಹಾ ಕುಡಿದು ಪಲ್ಲಕ್ಕಿ ಏರಿದರು. ತಿಂಗಳು ಕಳೆದರೂ ಅವರು ಸತ್ತ ಸುದ್ದಿ ಬರಲಿಲ್ಲ. ಬಿಯಾನರ ಕಲ್ಲುಗಳು ಮೊದಲೇ ಒಡೆದಿಟ್ಟ ಕಲ್ಲುಗಳು ಎಂದು ಪೇಟೆಯವರು ನಗತೊಡಗಿದರು. ಬಿಯಾನ್ ಹು ಮನೆಯಂಗಳದ ಹಾಸುಗಲ್ಲುಗಳ ಮೇಲೆ ಒಂದೊಂದಾಗಿ ಕೈಯಿಟ್ಟು ನೋಡಿದನು. ಎಲ್ಲವೂ ಅಡಿಯಲ್ಲಿ ಹಿಟ್ಟಾದವು. ಆಮೇಲೆ ಅವನು ತನ್ನ ಅಂಗೈಯನ್ನೇ ನೋಡುತ್ತ ಗೋಡೆಗೆ ಒರಗಿ ಕೂತನು. ಊಟ ಬಿಟ್ಟನು. ಚಳಿಗಾಲ ಬರುವ ಮೊದಲೇ ಹೋಗಿಬಿಟ್ಟನು.

ಆಗ ರೂಯಿ ಇನ್ನೂ ಚಿಕ್ಕ ಹುಡುಗ. ತಂದೆಯ ಹಿರಿಯ ಶಿಷ್ಯನೊಬ್ಬನಿಂದ ಅದೇ ವಿದ್ಯೆ ಕಲಿತನು. ಮದುವೆಯಾಗಲಿಲ್ಲ, ಬೇರೆ ಕಸುಬು ಹಿಡಿಯಲಿಲ್ಲ. ಶೆನ್ ಮುಯುನ್ ಮಾಟಗಾರ, ಮಾಟದಿಂದ ತಂದೆಯ ಏಟನ್ನು ಮಾಯ ಮಾಡಿದ ಎಂಬುದು ಅವನ ದೃಢವಾದ ನಂಬಿಕೆ. ನಡುವಯಸ್ಸು ದಾಟುವಷ್ಟರಲ್ಲಿ ಅವನ ಕೈಯಡಿಯಲ್ಲೂ ಕಲ್ಲು ಹಿಟ್ಟಾಗುತ್ತಿತ್ತು. ಗುರುಗಳು ಎಲ್ಲಿದ್ದಾರೆಂದು ಚಹಾ ಹೊರುವ ಒಬ್ಬನಿಂದ ತಿಳಿಯಿತು. ಶರತ್ಕಾಲ ಮುಗಿಯುತ್ತಿದ್ದಂತೆ ಹೊರಟನು.

ಬೆಟ್ಟದಲ್ಲಿ ಹಗಲಿಡೀ ಮಂಜು. ಮುಂದೆ ಹೋಗುವವನ ಹೊರೆ ಮಾತ್ರ ಕಾಣುತ್ತಿತ್ತು, ಹೊತ್ತವನು ಕಾಣುತ್ತಿರಲಿಲ್ಲ. ಹಾಡುತ್ತ ಹತ್ತುತ್ತಿದ್ದ ಕೂಲಿಗಳು ಒಂದು ತಿರುವಿನಲ್ಲಿ ಎಲ್ಲರೂ ಒಟ್ಟಿಗೇ ಹಾಡು ನಿಲ್ಲಿಸಿದರು. ಪಕ್ಕದಲ್ಲಿದ್ದ ಮುದುಕ ಕೂಲಿ ರೂಯಿಯ ಕಾಲನ್ನು ನೋಡಿ ಮೆಲ್ಲಗೆ ಹೇಳಿದನು:

“ಚಪ್ಪಲಿ ಬೇಕಾದರೆ ಮರದಿಂದ ತಗೋ. ಗುಡಿಯೊಳಗೆ ಇಣುಕಬೇಡ. ಆ ಅಜ್ಜನ ಮೈಯಲ್ಲಿ ಇಬ್ಬರಿದ್ದಾರೆ.”

“ನೀನು ಕಂಡಿದ್ದೀಯಾ?”

“ಒಬ್ಬರು ಉಸಿರಾಡುವುದನ್ನು ಕಂಡಿದ್ದೇನೆ. ಇನ್ನೊಬ್ಬರು ಒಳಗೆ ಅಲುಗುವುದನ್ನೂ ಕಂಡಿದ್ದೇನೆ,” ಎಂದು ಮುದುಕ ಕೋಲೂರಿಕೊಂಡು ಮಂಜಿನೊಳಗೆ ಹೋಗಿಬಿಟ್ಟನು.

ಮಾಟಗಾರರು ಇಂಥ ಮಾತನ್ನು ತಾವೇ ಹಬ್ಬಿಸುತ್ತಾರೆ ಎಂದುಕೊಂಡು ರೂಯಿ ಮುಂದೆ ನಡೆದನು. ಆದರೂ ಕೊಂಬೆಗಳಿಂದ ಜೋತಾಡುತ್ತಿದ್ದ ಚಪ್ಪಲಿಗಳು ಮಂಜಿನಲ್ಲಿ ಮೈಯಿಲ್ಲದ ಕಾಲುಗಳಂತೆ ತಲೆಯ ಮಟ್ಟಕ್ಕೆ ಕಂಡಾಗ ಅವನ ಹೆಜ್ಜೆ ತಾನಾಗಿ ನಿಧಾನವಾಯಿತು.

ಗುಡಿಯ ಬಾಗಿಲಲ್ಲಿ ಒಬ್ಬ ಮುದುಕಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ಅವಳು ಲಾನ್ ಅಜ್ಜಿ. ಗುಡಿಯನ್ನು ಗುಡಿಸಿ, ಗುರುಗಳಿಗೆ ಗಂಜಿ ಬೇಯಿಸಿ ಕೊಡುತ್ತಿದ್ದ ವಿಧವೆ. ರೂಯಿಯನ್ನು ಕಂಡು ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಬಂದೆಯಾ ಅಪ್ಪ. ನಿಮ್ಮ ತಂದೆ ಬೆಳಗಿನಿಂದ ಸುಮ್ಮನೇ ಇಲ್ಲ.”

ರೂಯಿಗೆ ತಾನು ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. “ನನ್ನ ತಂದೆ ಸತ್ತು ಒಂದು ತಲೆಮಾರಾಯಿತು, ಅಜ್ಜಿ.”

“ಅದು ನನಗೂ ಗೊತ್ತು. ಕಾಲು ಒರೆಸಿಕೊಂಡು ಒಳಗೆ ಬಾ.”

ಅಂಗಳದಲ್ಲಿಯೂ ಮಂಜು ತುಂಬಿತ್ತು. ನಡುವೆ ಬೂದುಬಣ್ಣದ ವಿಗ್ರಹವೊಂದು, ಕಾಣದ ಮರವನ್ನು ತಬ್ಬಿದಂತೆ ತೋಳುಗಳನ್ನು ದುಂಡಗೆ ಹಿಡಿದು ನಿಂತಿತ್ತು. ಅದರ ತೋಳಿನಿಂದ ಪಕ್ಕದ ಕಂಬಕ್ಕೆ ಜೇಡ ಬಲೆ ನೇಯ್ದಿತ್ತು. ಬಲೆಯ ಎಳೆಗಳಲ್ಲಿ ಇಬ್ಬನಿಯ ಹನಿ ಒಂದೂ ಅಲುಗದೆ ಕೂತಿತ್ತು. ರೂಯಿ ಅದನ್ನು ದಾಟಿ ಗರ್ಭಗುಡಿಯ ಒಳಗೆ ನೋಡಿದನು. ಮುಖವಿಲ್ಲದ ಮಣ್ಣಿನ ಮೂರ್ತಿ ಅಲ್ಲಿಯೇ ಇತ್ತು. ಗುಡಿಯ ದೇವರು ಒಳಗಿದ್ದರೆ ಹೊರಗಿರುವುದು ಯಾವುದು ಎಂಬ ಯೋಚನೆ ಬಂದು ಅವನು ತಿರುಗಿದನು. ವಿಗ್ರಹದ ಕಣ್ಣು ತೆರೆದಿತ್ತು.

“ನಿನ್ನ ನಡಿಗೆ ಅವನದೇ,” ಎಂದರು ಗುರುಗಳು.

ಅವರ ಬಾಯಿಂದ ಹೊಗೆಯಂಥ ಉಸಿರು ಹೊರಡಲಿಲ್ಲ. ಆ ಚಳಿಯಲ್ಲಿ ರೂಯಿಯ ಉಸಿರು ಮಾತ್ರ ಮುಖದ ಮುಂದೆ ಬಿಳಿಯಾಗಿ ಹೊರಳುತ್ತಿತ್ತು.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಅವನ ಬಾಯಿಗೆ ಬಂದದ್ದು ಒಂದೇ. “ಅಂದು ನನ್ನ ತಂದೆಯ ಮುಂದೆ ನಿಂತ ಹಾಗೆ ಇಂದು ನನ್ನ ಮುಂದೆ ನಿಲ್ಲಿ.”

ಗುರುಗಳು ತೋಳುಗಳನ್ನು ಇಳಿಸಿದರು. ಬಲೆ ಹರಿಯಿತು. ಮೇಲಂಗಿಯ ಕಟ್ಟನ್ನು ಬಿಚ್ಚಿ, ಒಳಗಿನ ತೆಳುವಾದ ನೂಲಿನ ಬಟ್ಟೆಯಲ್ಲಿ ನಿಂತರು. ರೂಯಿ ಒಂದು ಹೆಜ್ಜೆ ಮುಂದಿಟ್ಟವನು ಅಲ್ಲಿಯೇ ನಿಂತನು. ಗುರುಗಳ ಹೊಟ್ಟೆಯ ಮೇಲಿನ ಬಟ್ಟೆ ಅಲುಗುತ್ತಿತ್ತು. ಉಸಿರಿಗೆ ಏರಿಳಿಯುವ ಹಾಗಲ್ಲ. ಡೇರೆಯ ಒಳಗಿರುವವನು ಬಟ್ಟೆಗೆ ಕೈಯಿಟ್ಟು ದಾರಿ ಹುಡುಕುವ ಹಾಗೆ, ಒಂದು ಕಡೆ ಉಬ್ಬಿ, ತಗ್ಗಿ, ಇನ್ನೊಂದು ಕಡೆ ಉಬ್ಬುತ್ತಿತ್ತು.

ಇದೇ ಆ ಮಾಟ, ಹೆದರಬಾರದು ಎಂದು ಅವನು ಹಲ್ಲು ಕಚ್ಚಿದನು. ವಂಶದ ಕ್ರಮದಂತೆ ಮೊದಲು ಅಂಗೈಯನ್ನು ಮೆಲ್ಲಗೆ ಗುರುಗಳ ಹೊಕ್ಕುಳ ಕೆಳಗೆ ಇಟ್ಟನು. ಇನ್ನು ಏಟನ್ನು ಬಿಡುವುದಷ್ಟೇ ಬಾಕಿ.

ಒಳಗಿನಿಂದ ಒಂದು ಅಂಗೈ ಬಂದು ಅವನ ಅಂಗೈಗೆ ಒರಗಿತು.

ಚರ್ಮದ ಆಚೆಗಿದ್ದರೂ ಅದರ ಮಣಿಕಟ್ಟಿನ ಕಡೆಯ ಅಂಚು, ಹೆಬ್ಬೆರಳಿನ ಬುಡ, ಒಂದೊಂದು ಬೆರಳು ಅವನಿಗೆ ಬಿಡಿಬಿಡಿಯಾಗಿ ತಿಳಿಯಿತು. ತೋರುಬೆರಳಿಗೆ ತೋರುಬೆರಳು ಕೂಡಿತು. ನಡುಬೆರಳಿಗೆ ನಡುಬೆರಳು ಕೂಡಿತು. ಉಂಗುರಬೆರಳಿನ ಜಾಗದಲ್ಲಿ ಒತ್ತಡ ಮೊದಲ ಗಿಣ್ಣಿಗೇ ನಿಂತು, ಅದರ ಮೇಲೆ ಏನೂ ಇರಲಿಲ್ಲ.

ರೂಯಿಗೆ ಕೈ ತೆಗೆಯಲು ಆಗಲಿಲ್ಲ. ಏಟು ಹಾಕಲೂ ಆಗಲಿಲ್ಲ.

“ಏಟು ಬಿದ್ದಿತ್ತು, ಮಗೂ,” ಎಂದರು ಗುರುಗಳು.

ಆ ಒಂದು ಮಾತಿಗಾಗಿ ತಾನು ಇಷ್ಟು ವರ್ಷ ಕಾದಿದ್ದೆನೆಂದು ಅವನಿಗೆ ಆಗಲೇ ಗೊತ್ತಾದದ್ದು. ಅವನು ನೆಲಕ್ಕೆ ಕುಸಿದನು. ಲಾನ್ ಅಜ್ಜಿ ಬಂದು ಮೂಲೆಯಲ್ಲಿದ್ದ ಚಾಪೆಯನ್ನು ಅವನ ಪಕ್ಕದಲ್ಲಿ ಹಾಸಿ ಹೋದಳು.

ಅವನು ಚಾಪೆಯ ಮೇಲೆ ಎದ್ದು ಕೂತು ಕೇಳಿದನು, “ಮತ್ತೆ ಅಂದು ನೀವು ಏಕೆ ನಕ್ಕಿರಿ?”

“ಅಹಂಕಾರದಿಂದ. ಅಂಥ ಏಟನ್ನು ನಾನು ಅದುವರೆಗೆ ತಿಂದಿರಲಿಲ್ಲ. ಉಸಿರಿನಿಂದ ಅದನ್ನು ಸುತ್ತಿ ಹಿಡಿದೆ. ಒಂದು ಕ್ಷಣ ಬಿಟ್ಟಿದ್ದರೆ ಅಲ್ಲೇ ಬೀಳುತ್ತಿದ್ದೆ. ನೋವಾಯಿತೆಂದು ಜನರ ಮುಂದೆ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ, ನಕ್ಕೆ.” ಗುರುಗಳು ಮೇಲಂಗಿಯನ್ನು ಮತ್ತೆ ಕಟ್ಟಿಕೊಂಡರು. “ಅವನ ಏಟು ನನ್ನನ್ನು ಕೊಲ್ಲಲಿಲ್ಲ. ನನ್ನ ನಗು ಅವನನ್ನು ಕೊಂದಿತು. ಅದು ತಿಳಿದ ದಿನ ನಾನು ಪದವಿಯ ಉಡುಪು ಬಿಚ್ಚಿಟ್ಟೆ.”

“ಆ ಏಟನ್ನು ಹೊರಗೆ ಹಾಕಬಹುದಿತ್ತಲ್ಲ. ನೆಲಕ್ಕೋ, ಮರಕ್ಕೋ.”

“ಒಬ್ಬ ಮನುಷ್ಯನ ಜೀವಮಾನದ ಸಾಧನೆಯೆಲ್ಲ ಅದರಲ್ಲಿತ್ತು. ಹಳ್ಳಕ್ಕೆ ಚೆಲ್ಲಲು ಮನಸ್ಸು ಬರಲಿಲ್ಲ. ವಾರಸುದಾರ ಬರಲಿ ಎಂದು ಇಟ್ಟುಕೊಂಡೆ.”

ತಾನೇ ಆ ವಾರಸುದಾರನೆಂದು ರೂಯಿಗೆ ಅರ್ಥವಾಯಿತು. “ತೆಗೆದುಕೊಂಡರೆ ನಾನು ಸಾಯುತ್ತೇನೆಯೇ?”

“ಅವಸರ ಮಾಡಿದರೆ ಸಾಯುತ್ತೀಯೆ,” ಎಂದರು ಗುರುಗಳು.

ಆ ಚಳಿಗಾಲವನ್ನು ರೂಯಿ ಗುಡಿಯಲ್ಲಿಯೇ ಕಳೆದನು. ಮೊದಮೊದಲು ಗುರುಗಳು ಅವನಿಗೆ ನಿಲ್ಲುವುದನ್ನು ಮಾತ್ರ ಕಲಿಸಿದರು. ಕಲ್ಲೊಡೆಯಲು ಬಿಗಿದುಕೊಂಡಿದ್ದ ಹೆಗಲು, ಮೊಣಕೈ, ಸೊಂಟ ಎಲ್ಲವನ್ನೂ ಸಡಿಲ ಬಿಡುವುದು ಅವನಿಗೆ ಕಲ್ಲೊಡೆಯುವುದಕ್ಕಿಂತ ಕಷ್ಟವಾಯಿತು. ಆಮೇಲೆ ಪ್ರತಿದಿನ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಎದುರುಬದುರು ಕೂರುವರು. ರೂಯಿ ಅಂಗೈಯನ್ನು ಗುರುಗಳ ಹೊಕ್ಕುಳ ಕೆಳಗೆ ಇಡುವನು. ಒಳಗಿದ್ದದ್ದು ಬಂದು ಒರಗುವುದು. ಗುರುಗಳು ತಮ್ಮ ಉಸಿರಿನ ಹಿಡಿತವನ್ನು ಕೂದಲೆಳೆಯಷ್ಟು ಸಡಿಲಿಸುವರು. ಆಗ ಹಿಮದ ನೀರಿನಂಥ ಒಂದು ತಣ್ಪು ರೂಯಿಯ ಮಣಿಕಟ್ಟನ್ನು ದಾಟಿ ತೋಳಿಗೆ ಏರುತ್ತಿತ್ತು.

ಅದು ಏರಿದಂತೆಲ್ಲ ವಿಚಿತ್ರಗಳು ಕಾಣತೊಡಗಿದವು. ಗಂಜಿಯ ಬಟ್ಟಲನ್ನು ಹಿಡಿದರೆ ಗಂಜಿಯ ಮೇಲೆ ಸಣ್ಣ ಅಲೆಗಳು ಏಳುತ್ತಿದ್ದವು. ಗುಡಿಯ ಬೆಕ್ಕು ಅವನ ಎಡಮಗ್ಗುಲಿಗೆ ಬಂದು ಮಲಗುತ್ತಿತ್ತು, ಬಲಕ್ಕೆ ಬರುತ್ತಿರಲಿಲ್ಲ. ಒಂದು ಮುಂಜಾನೆ ಕುಡುಗೋಲು ತಾಗಿ ಬೆರಳಿನಿಂದ ರಕ್ತ ಸುರಿಯುತ್ತಿದ್ದರೂ ಅವನಿಗೆ ತಿಳಿಯಲಿಲ್ಲ. ಉಂಗುರಬೆರಳು ಮೊದಲ ಗಿಣ್ಣಿನಿಂದ ಮೇಲಕ್ಕೆ ಸ್ಪರ್ಶಜ್ಞಾನವನ್ನೇ ಕಳೆದುಕೊಂಡಿತ್ತು. ರೂಯಿಗೆ ಭಯವಾಯಿತು.

“ಗುರುಗಳೇ, ನನ್ನ ಮೈಯಲ್ಲಿ ನಾನು ಉಳಿಯುತ್ತೇನೆಯೇ?”

“ಬಂದ ಅತಿಥಿಗೆ ಜಾಗ ಮಾಡಿಕೊಟ್ಟವನು ಮನೆ ಬಿಟ್ಟು ಹೋಗಬೇಕಾಗಿಲ್ಲ,” ಎಂದು ಗುರುಗಳು ತಾವೇ ಬೆರಳಿಗೆ ಬಟ್ಟೆ ಕಟ್ಟಿದರು.

ಹಿಮ ಕರಗುವ ಕಾಲಕ್ಕೆ ಒಂದು ಬೆಳಿಗ್ಗೆ, ಉಳಿದಿದ್ದ ಕೊನೆಯ ಅಂಶವೂ ದಾಟಿತು. ಅದು ಹೆಗಲನ್ನು ಏರಿ, ಕತ್ತಿನ ಹಿಂಭಾಗದಿಂದ ಮೇಲೆ ಹೋಗಿ, ರೂಯಿಯ ನೆತ್ತಿಯ ಮೇಲೆ ನಿಂತಿತು. ಅದರಲ್ಲಿ ಏಟಿನ ಬಿರುಸು ಒಂದಿಷ್ಟೂ ಇರಲಿಲ್ಲ. ಒಂದು ಚಳಿಗಾಲದಷ್ಟು ನಿಧಾನವಾಗಿ ಬಂದ ಆ ಏಟು, ಮಗುವಿನ ತಲೆಯ ಮೇಲೆ ತಂದೆ ಇಟ್ಟ ಕೈಯಂತೆ ಭಾರವಾಗಿ, ಸುಮ್ಮನೆ ಕೂತಿತು. ಬದುಕಿದ್ದಾಗ ಬಿಯಾನ್ ಹು ಮಗನ ತಲೆಯ ಮೇಲೆ ಹಾಗೆ ಕೈಯಿಟ್ಟಿರಲಿಲ್ಲ. ರೂಯಿ ಕಣ್ಣು ಮುಚ್ಚಿಕೊಂಡು ಬಿಸಿಲು ಅಂಗಳಕ್ಕೆ ಇಳಿಯುವವರೆಗೂ ಅಲ್ಲಾಡದೆ ಕೂತಿದ್ದನು.

ಕಣ್ಣು ತೆರೆದಾಗ ಗುರುಗಳು ಚಾಪೆಯ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. ಲಾನ್ ಅಜ್ಜಿ ಬಾಗಿಲಲ್ಲಿ ನಿಂತು ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. “ನಾನು ಕಂಡಾಗಿನಿಂದ ಇವರು ಬೆನ್ನು ನೆಲಕ್ಕೆ ಹಾಕಿದವರಲ್ಲ,” ಎಂದಳು. “ಮಲಗಿದರೆ ಅದು ಎದೆಗೆ ಏರುತ್ತದೆ ಎನ್ನುತ್ತಿದ್ದರು.”

ಎಚ್ಚರವಾದ ಮೇಲೆ ಗುರುಗಳಿಗೆ ಕೆಮ್ಮು ಬಂತು. ಅವರ ಬಾಯಿಂದ ಎಲ್ಲರ ಹಾಗೆ ಬಿಳಿಯ ಉಸಿರು ಹೊರಟಿತು. ಜನ ಯಾವುದನ್ನು ಸಿದ್ಧಿಯೆಂದು ಬೆರಗಾಗಿ ನೋಡುತ್ತಿದ್ದರೋ ಅದು ಒಂದು ಭಾರವನ್ನು ಬೀಳಗೊಡದೆ ಹಿಡಿದುಕೊಂಡಿದ್ದ ಶ್ರಮವಾಗಿತ್ತು ಎಂಬುದನ್ನು ಭಕ್ತರು ಇಲ್ಲಿ ಗಮನಿಸಬೇಕು.

“ಇನ್ನೊಂದು ಕೆಲಸ ಉಳಿದಿದೆ. ನಿಮ್ಮ ಊರಿಗೆ ಕರೆದುಕೊಂಡು ಹೋಗು,” ಎಂದರು ಗುರುಗಳು.

ಪೇಟೆಯ ಚೌಕದಲ್ಲಿ ಅಂದು ನಕ್ಕಿದ್ದವರಲ್ಲಿ ಕೆಲವರು ಇನ್ನೂ ಬದುಕಿದ್ದರು. ಹುಲ್ಲಿನ ಚಪ್ಪಲಿ ಮೆಟ್ಟಿ ಕೆಮ್ಮುತ್ತ ಬಂದ ಮುದುಕನನ್ನು ಯಾರೂ ಗುರುತಿಸಲಿಲ್ಲ. ಅವರು ತಮ್ಮ ಹೆಸರು ಹೇಳಿದರು. ಹೆಸರು ಕೇಳಿದ್ದೇ ಅಂಗಡಿಗಳಿಂದ, ಉಪ್ಪಿನ ಒಲೆಗಳ ಮುಂದಿನಿಂದ ಜನ ಬಂದು ಸೇರಿದರು.

“ಬಿಯಾನ್ ಹು ಅವರ ಏಟು ಅಂದು ನನಗೆ ಬಿದ್ದಿತ್ತು,” ಎಂದರು ಗುರುಗಳು. “ನೋವಾಗಿತ್ತು. ನಾನು ಹೇಳಲಿಲ್ಲ.”

ಉಪ್ಪು ಕಾಯಿಸುವ ಒಬ್ಬ ವೃದ್ಧ ತಡವರಿಸುತ್ತ ಕೇಳಿದನು. “ನೀವು ನಕ್ಕಿರಲ್ಲ, ಸ್ವಾಮಿ. ಅದಕ್ಕೇ ನಾವೂ ನಕ್ಕೆವು.”

“ಹೌದು. ಅದನ್ನೇ ಹೇಳಲು ಬಂದೆ.”

ಯಾರಿಂದಲೂ ನಿಂತ ಜಾಗದಿಂದ ಕದಲಿಸಲಾಗದಿದ್ದ ಆ ಮಹಾತ್ಮರು, ಅಂದು ಬಿಯಾನ್ ಹು ನಿಂತಿದ್ದ ಕಲ್ಲಿನ ಮುಂದೆ ಮೊಣಕಾಲೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿದರು. ಒಲೆಗಳ ಮೇಲೆ ಉಪ್ಪುನೀರು ಕುದಿಯುವುದು ಮಾತ್ರ ಕೇಳುತ್ತಿತ್ತು. ಈ ದೃಶ್ಯವನ್ನು ನೋಡಬೇಕೆಂದೇ ರೂಯಿ ಬೆಳೆದದ್ದು. ನೋಡಲು ಅವನಿಂದ ಆಗಲಿಲ್ಲ. ಓಡಿಹೋಗಿ ಗುರುಗಳ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದನು. ತನ್ನ ಕೈ ಒಬ್ಬ ಮನುಷ್ಯನನ್ನು ಎತ್ತಿದ್ದು ಇದೇ ಮೊದಲು ಎಂದು ಅವನಿಗೆ ಹೊಳೆಯಿತು. ಅಲ್ಲಿಂದ ಬೆಟ್ಟದವರೆಗೆ ಅವರನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೋದನು.

ಗುರುಗಳು ಇನ್ನೂ ಕೆಲವು ವರ್ಷ ಬಾಳಿ, ಎಲ್ಲ ಮುದುಕರ ಹಾಗೆ ಕೆಮ್ಮಿ ನರಳಿ, ನೆಮ್ಮದಿಯಿಂದ ದೇಹ ಬಿಟ್ಟರು. ಅವರ ನಂತರ ರೂಯಿ ಪೇಟೆಗೆ ಮರಳಿದನು. ಕಲ್ಲಿನ ಮೇಲೆ ಅವನು ಮತ್ತೆ ಕೈಯಿಡಲಿಲ್ಲ. ಜ್ವರ ಬಂದು ಹಟ ಹಿಡಿದ ಮಕ್ಕಳನ್ನು ತಾಯಂದಿರು ಅವನ ಬಳಿಗೆ ಎತ್ತಿಕೊಂಡು ಬರುತ್ತಿದ್ದರು. ಅವನು ಮಗುವಿನ ನೆತ್ತಿಯ ಮೇಲೆ ಬಲಗೈಯನ್ನು ಸುಮ್ಮನೆ ಇಡುತ್ತಿದ್ದನು. ಮಗು ಅಳು ನಿಲ್ಲಿಸಿ ಮೇಲಕ್ಕೆ ನೋಡುತ್ತಿತ್ತು. ಮಾತು ಬರುವಷ್ಟು ದೊಡ್ಡ ಮಕ್ಕಳು ಮನೆಗೆ ಹೋದ ಮೇಲೆ ತಾಯಿಗೆ ಹೇಳುತ್ತಿದ್ದುದು ಒಂದೇ ಮಾತು: ಆ ಅಜ್ಜ ಒಂದು ಕೈ ಇಟ್ಟರು, ಅವರ ಹಿಂದೆ ನಿಂತಿದ್ದ ಮೋಟುಬೆರಳಿನ ಅಜ್ಜ ಇನ್ನೊಂದು ಇಟ್ಟರು.